ಗಾಳಿಯ ಮಗನ ಮುಂದೆ ಒದ್ದೆ ಅಂಗಿ

ಒಪ್ಪಂದ ಚಿಕ್ಕದು. ಮಳೆಗಾಲ ಮುಗಿಯುವ ಹೊತ್ತಿಗೆ ದೊಣ್ಣೆವರಸೆಯ ಉಡುಪಿನಿಂದ ಬೆವರಿನ ನಾತ ಹೋಗಿರಬೇಕು. ಹೋಗಿದ್ದರೆ ಗುರು ಮೈಲಾರಪ್ಪ ಕೊನೆಯ ಪಟ್ಟು ಹೇಳಿಕೊಡುತ್ತಾರೆ. ಹೋಗದಿದ್ದರೆ ಶಿಷ್ಯ ಹಾಲೇಶ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿ, ಅಪ್ಪನ ಬೆಲ್ಲದ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕು.

ಕೊನೆಯ ಪಟ್ಟು ಬಂದವನು ಸ್ವಂತ ಗರಡಿ ತೆರೆಯಬಹುದು. ಹಾಲೇಶನಿಗೆ ಬೇಕಾಗಿದ್ದದ್ದು ಅದೊಂದೇ.

"ನಾತ ಹೋಗಿದೆ ಅಂತ ಯಾರು ಹೇಳಬೇಕು ಗುರುಗಳೇ?"

"ನನ್ನ ಮೂಗು."

ಚೌಕಾಸಿಗೆ ಜಾಗವಿರಲಿಲ್ಲ. ಹಾಲೇಶ ಒಪ್ಪಿಕೊಂಡ.

ಗುರುಗಳ ಆಶ್ರಮ ಇದ್ದದ್ದು ಹೊಳೆಯ ದಂಡೆಯ ಮೇಲೆ. ಒಂದು ಗರಡಿ, ಒಂದು ಅಡುಗೆಮನೆ, ಮೂಲೆಯಲ್ಲಿ ಬಾಗಿಲಿರುವ ಪುಟ್ಟ ಆಂಜನೇಯನ ಗೂಡು. ಅಷ್ಟೇ ಆಸ್ತಿ.

ಉಡುಪು ಅಂದರೆ ಹತ್ತಿ ತುಂಬಿದ ದಪ್ಪ ಅಂಗಿ, ಚರ್ಮದ ಎದೆಪಟ್ಟಿ, ಕೈಗವಸು, ಕಣ್ಣಿಗಷ್ಟೇ ಕಿಂಡಿ ಬಿಟ್ಟು ಮುಖವೆಲ್ಲ ಮುಚ್ಚುವ ಚರ್ಮದ ಟೋಪಿ. ದೊಣ್ಣೆ ಏಟು ತಡೆಯಲು ಅಷ್ಟೂ ಬೇಕು. ಆಟ ಮುಗಿದಾಗ ಅಷ್ಟೂ ಹಿಂಡಿದರೆ ನೀರು ಬರುವಂತಿರುತ್ತಿತ್ತು.

ಗರಡಿಯ ಪದ್ಧತಿ ಹಾಲೇಶನಿಗೆ ಗೊತ್ತಿತ್ತು. ಆಟವಾದ ಮೇಲೆ ಉಡುಪನ್ನು ಆಂಜನೇಯನ ಮುಂದೆ ಇಡಬೇಕು, ಸಾಂಬ್ರಾಣಿ ಹಾಕಬೇಕು, ಕೈಮುಗಿಯಬೇಕು. ಅವನು ಒಂದು ಹೆಜ್ಜೆ ಮುಂದೆ ಹೋದ. ಬಿಚ್ಚಿದ ಉಡುಪನ್ನು ಬೆಚ್ಚಗಿರುವಾಗಲೇ ಮಡಿಸಿ ಗೂಡಿನಲ್ಲಿಟ್ಟ. ಹೊಗೆ ಹೊರಗೆ ಹೋಗದಿರಲೆಂದು ಬಾಗಿಲು ಹಾಕಿದ.

ನಾತ ಕಡಿಮೆಯಾಗಲಿಲ್ಲ. ಸಾಂಬ್ರಾಣಿ ಹೆಚ್ಚು ಮಾಡಿದ. ಕರ್ಪೂರ ಸೇರಿಸಿದ. ಸಂತೆಯಿಂದ ಕೇದಗೆಯ ಅತ್ತರು ತಂದು ಟೋಪಿಯೊಳಗೆ ಸವರಿದ.

ಹಿರಿಯ ಶಿಷ್ಯ ಗುತ್ಯಪ್ಪ ಮೂಗು ಮುಚ್ಚಿಕೊಂಡು ದೂರ ನಿಂತ.

"ಏನ್ಲೇ ಹಾಲೇಶಿ, ಟೋಪಿ ಒಳಗೆ ಹೆಗ್ಗಣ ಸತ್ತಿತ್ತು ಸರಿ. ಈಗ ಅದಕ್ಕೆ ಮದುವೆ ಬೇರೆ ಮಾಡಿದ್ದೀಯಲ್ಲ!"

ಗುರುಗಳು ಅದೇ ದಾರಿಯಲ್ಲಿ ಬಂದರು. ಟೋಪಿಯ ಹತ್ತಿರ ಬಗ್ಗಿದರು. ನೆಟ್ಟಗಾದರು.

"ಇದ್ದವನು ಮನೆ ಬಿಡೋಕ್ಕೆ ಮುಂಚೆ ಇನ್ನೊಬ್ಬನಿಗೆ ಬಾಡಿಗೆ ಕೊಟ್ಟಿದ್ದೀಯ," ಎಂದು ಹೊರಟುಹೋದರು.

ಮರುದಿನ ಗುರುಗಳು ಹಾಲೇಶನನ್ನು ಗುತ್ಯಪ್ಪನ ಎದುರು ನಿಲ್ಲಿಸಿದರು.

ಟೋಪಿ ಮುಖಕ್ಕೆ ಇಳಿದದ್ದೇ ತಡ, ಹಾಲೇಶ ಉಸಿರು ಬಿಗಿಹಿಡಿದ. ಒಂದು ಏಟು ತಪ್ಪಿಸಿದ. ಒಂದು ತಡೆದ. ಆಮೇಲೆ ತಾಳಲಾರದೆ ಉಸಿರೆಳೆದ. ಕೇದಗೆ, ಕರ್ಪೂರ, ಹಳಸಿದ ಬೆವರು ಒಟ್ಟಿಗೆ ಗಂಟಲಿಗೆ ನುಗ್ಗಿದವು. ಕೆಮ್ಮು ಬಂತು. ಗುತ್ಯಪ್ಪನ ದೊಣ್ಣೆ ಪಕ್ಕೆಗೆ ಬಿತ್ತು.

"ಎಲ್ಲಿ ಸೋತೆ?" ಗುರುಗಳು ಕೇಳಿದರು.

"ಕೈ ಏಳಲಿಲ್ಲ ಗುರುಗಳೇ."

"ಕೈ ಎದ್ದಿತ್ತು."

"ಕಾಲು ಜಾರಿತು."

"ಕಾಲೂ ನೆಟ್ಟಗಿತ್ತು. ಯೋಚನೆ ಮಾಡು."

ಅಂದೇ ಸಂಜೆ ಗುರುಗಳು ಒಂದು ಕೆಲಸ ಮಾಡಿದರು. ಅಡುಗೆಮನೆಯ ಬುಟ್ಟಿಯಿಂದ, ಒಣಗಿಸಿಟ್ಟ ಜೋಳದ ಕಟಿರೊಟ್ಟಿಯೊಂದನ್ನು ತೆಗೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಆಂಜನೇಯನ ಮುಂದಿಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿದರು. ಹಾಲೇಶ ನೋಡಿದ. ಯಾಕೆಂದು ಕೇಳುವ ಧೈರ್ಯವಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಊಟದ ಹೊತ್ತಿಗೆ ಅದನ್ನು ತೆಗೆದು ಅವನ ತಟ್ಟೆಗೆ ಹಾಕಿದರು. ರೊಟ್ಟಿಯ ಮೇಲೆ ಬೂಷ್ಟು ಹಸಿರಾಗಿ ಕೂತಿತ್ತು.

"ತಿನ್ನು."

"ಇದು ಕೆಟ್ಟಿದೆ ಗುರುಗಳೇ."

"ಪೂಜೆ ಆಗಿದೆ."

"ಆದ್ರೂ ಕೆಟ್ಟಿದೆ."

ಗುರುಗಳು ತೊಲೆಗೆ ತೂಗುಹಾಕಿದ್ದ ಅದೇ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಕೊಟ್ಟರು. ಹಾಲೇಶ ಮುರಿದ, ಕಟಕ್ಕೆಂದಿತು.

"ಎರಡೂ ಒಂದೇ ದಿನ ಬಡಿದದ್ದು. ಇದಕ್ಕೆ ಯಾರೂ ಪೂಜೆ ಮಾಡಿಲ್ಲ," ಎಂದರು.

ಹಾಲೇಶ ರೊಟ್ಟಿಯನ್ನು ನೋಡುತ್ತಾ ಕೂತ. ಪಲ್ಯ ಆರಿತು.

"ಹಂಗಾದ್ರೆ ಆಂಜನೇಯನ ಮುಂದೆ ಇಡೋದು ತಪ್ಪಾ?"

"ಅವನು ಯಾರ ಮಗ?"

"ವಾಯುದೇವರ ಮಗ."

"ಅವರಪ್ಪ ಹೊರಗೆ ಹೊಳೆ ಮೇಲಿಂದ ಬೀಸ್ತಾ ಇದ್ದಾನೆ. ನೀನು ಬಾಗಿಲು ಹಾಕಿ, ಒಳಗೆ ಮಗನಿಗೆ ಹೊಗೆ ಹಾಕ್ತಿದ್ದೀಯ. ಮೊದಲು ಅಪ್ಪನ ಕೈಗೆ ಕೊಡು. ಆಮೇಲೆ ಮಗನ ಹತ್ರ ಬಾ."

ಊಟ ಮುಗಿಸಿದ ಹಾಲೇಶ ಕೈ ತೊಳೆದದ್ದು ಹೊಳೆಯಲ್ಲೇ. ಉಡುಪನ್ನೂ ಜೊತೆಗೇ ಒಯ್ದಿದ್ದ.

ಅಂಗಿಯ ಹೊಲಿಗೆ ಬಿಚ್ಚಿ ಹತ್ತಿ ಹೊರಗೆಳೆದ. ಬಟ್ಟೆಯನ್ನು ಅಂಟುವಾಳದ ನೊರೆಯಲ್ಲಿ ತಿಕ್ಕಿದ. ಮೊದಲ ನೀರು ಕಪ್ಪಗೆ ಹೋಯಿತು, ಆಮೇಲಿನದು ಕಂದು. ನೀರು ತಿಳಿಯಾಗುವವರೆಗೆ ಅವನು ಏಳಲಿಲ್ಲ. ಚರ್ಮವನ್ನು ನೀರಿಗೆ ಹಾಕದೆ ಒದ್ದೆ ಬಟ್ಟೆಯಿಂದ ಒರೆಸಿದ. ಉಪ್ಪು ಬೆಳ್ಳಗೆ ಕಿತ್ತುಬಂತು.

ಆದರೆ ಮಳೆ. ಬಿಸಿಲಿಗೆ ಹಾಕೋಣವೆಂದರೆ ಬಿಸಿಲೇ ಇಲ್ಲ. ಹಾಲೇಶನಿಗೆ ಅವಸರ. ಎದೆಪಟ್ಟಿಯನ್ನು ಅಡುಗೆಮನೆಯ ಒಲೆಯ ಮೇಲೆ ತೂಗುಹಾಕಿದ. ಬೆಳಗಾಗುವಷ್ಟರಲ್ಲಿ ಅದು ಒಣಗಿತ್ತು. ಕೈಗೆತ್ತಿಕೊಂಡರೆ ನಡುವೆ ಸೀಳು.

ಗುತ್ಯಪ್ಪ ಇಣುಕಿದ. "ಹಪ್ಪಳ ಚೆನ್ನಾಗಿ ಸುಟ್ಟಿದೆ ಬಿಡಪ್ಪ."

ಹಾಲೇಶ ಸೀಳನ್ನು ಹಿಡಿದುಕೊಂಡು ಗುರುಗಳ ಮುಂದೆ ನಿಂತ. ಬೈಗುಳಕ್ಕೆ ಸಿದ್ಧನಾಗಿದ್ದ.

"ಬೆಂಕಿ ನಿನ್ನ ಅವಸರಕ್ಕೆ ಕೆಲಸ ಮಾಡ್ತು. ಚರ್ಮಕ್ಕಲ್ಲ," ಎಂದರು ಗುರುಗಳು. "ದಬ್ಬಣ ಗೋಡೆ ಗೂಡಲ್ಲಿದೆ."

ಅವನು ಸೀಳು ಹೊಲಿದ. ಹರಳೆಣ್ಣೆ ತಿಕ್ಕಿದ. ಸೂರಿನ ಕೆಳಗೆ, ಮಳೆ ಹನಿ ತಾಗದ ಆದರೆ ಹೊಳೆಗಾಳಿ ಹಾಯುವ ಕಡೆ ಹಗ್ಗ ಕಟ್ಟಿದ. ಅಂಗಿ ಒಳಮೈ ಹೊರಗೆ. ಟೋಪಿ ಬಾಯಿ ಕೆಳಗೆ. ಒಂದಕ್ಕೊಂದು ತಾಗುವಂತಿಲ್ಲ. ಕೈಗವಸಿನ ಬೆರಳುಗಳು ಮುಚ್ಚಿಕೊಳ್ಳುತ್ತಿದ್ದವು. ಬಿದಿರ ಕಡ್ಡಿ ತೂರಿಸಿ ಬಿಡಿಸಿದ. ಗಾಳಿ ಮುಟ್ಟದ ಮೂಲೆಗಳಿಗೆ ಬಟ್ಟೆಯಲ್ಲಿ ಒಣ ಇದ್ದಿಲು ಕಟ್ಟಿ ಇಟ್ಟ. ಎಲ್ಲ ಒಣಗಿದ ಮೇಲೆ ಹತ್ತಿಯನ್ನು ಅಂಗಿಗೆ ಮತ್ತೆ ತುಂಬಿ ಹೊಲಿದ.

ಅಂದಿನಿಂದ ಅದೇ ನಿಯಮ. ಆಟ ಮುಗಿದರೆ ಮೊದಲು ಉಡುಪು, ಆಮೇಲೆ ಹಾಲೇಶನ ಮೈ, ಆಮೇಲೆ ಹೊಟ್ಟೆ. ಪಕ್ಕೆ ನೋಯುತ್ತಿದ್ದ ದಿನವೂ ಅಷ್ಟೇ. ಜ್ವರ ಬಂದ ದಿನ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಅಂಗಿಯ ಮಗ್ಗುಲು ಬದಲಿಸಿದ.

"ಒಂದು ದಿನ ಬಿಟ್ರೆ ಏನಾಗತ್ತೋ?" ಎಂದ ಗುತ್ಯಪ್ಪ.

"ಆ ಒಂದು ದಿನಾನೇ ನಾತ ಕಾಯ್ತಿರೋದು."

ಗುತ್ಯಪ್ಪ ನಗಲಿಲ್ಲ. ಮಾರನೆಯ ದಿನ ಅವನ ಅಂಗಿಯೂ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು.

ಮೂಗಿನ ಪರೀಕ್ಷೆಗೆ ಗುರುಗಳು ದಿನ ಗೊತ್ತುಮಾಡಿದರು. ಹಿಂದಿನ ಸಂಜೆಯವರೆಗೂ ಎಲ್ಲ ಸರಿಯಿತ್ತು. ಆಮೇಲೆ ಗಾಳಿ ತಿರುಗಿ ಎರಚಲು ಹೊಡೆಯಿತು. ಹಾಲೇಶ ಓಡಿಬರುವಷ್ಟರಲ್ಲಿ ಟೋಪಿ ನೆನೆದಿತ್ತು.

ಬೆಳಿಗ್ಗೆ ಗುತ್ಯಪ್ಪ ಸದ್ದಿಲ್ಲದೆ ಅತ್ತರಿನ ಸೀಸೆ ಮುಂದೆ ಮಾಡಿದ. ಈ ಸಲ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಒಂದೇ ತೊಟ್ಟು ಹಾಕೋ. ಗುರುಗಳಿಗೆ ವಯಸ್ಸಾಗಿದೆ, ಗೊತ್ತಾಗಲ್ಲ. ಇಲ್ದಿದ್ರೆ ನಾಳೆ ಬೆಲ್ಲ ತೂಗ್ತಿರ್ತೀಯ."

ಹಾಲೇಶ ಸೀಸೆಯನ್ನು ನೋಡಿದ. ಅಪ್ಪನ ತಕ್ಕಡಿ ಕಣ್ಣಮುಂದೆ ಬಂತು. ಟೋಪಿಯೊಳಗೆ ಬೆರಳಿಟ್ಟ. ಹಸಿ ಇತ್ತು.

"ಬ್ಯಾಡಣ್ಣ."

ಗುರುಗಳು ಬಂದು ಕೈ ಚಾಚಿದರು. "ಕೊಡು ಟೋಪಿ."

"ಇವತ್ತು ಕೊಡಲ್ಲ ಗುರುಗಳೇ. ಒಳಗೆ ಹಸಿ ಇದೆ."

"ದಿನ ಇವತ್ತೇ ಅಂದಿದ್ದೆ."

"ಅಂದಿದ್ರಿ. ಒಪ್ಪಂದ ಮುರಿದ್ರೆ ನಾನು ಊರಿಗೆ ಹೋಗ್ತೀನಿ. ಹಸಿ ಟೋಪಿ ಮಾತ್ರ ಕೊಡಲ್ಲ."

ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗುರುಗಳು ಅಂಗೈ ಚಾಚಿ ಒಂದು ಹನಿ ಹಿಡಿದರು.

"ಒಪ್ಪಂದದಲ್ಲಿ ಏನಂದಿದ್ದೆ?"

"ಮಳೆಗಾಲ ಮುಗಿಯೋ ಹೊತ್ತಿಗೆ ಅಂದಿದ್ರಿ."

"ಮುಗಿದಿದೆಯಾ?"

ಹಾಲೇಶ ಆಕಾಶ ನೋಡಿದ. "ಇಲ್ಲ."

"ಮತ್ತೆ ಹಗ್ಗಕ್ಕೆ ಹಾಕು," ಎಂದು ಗುರುಗಳು ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಸಂಚಿ ಬಿಚ್ಚಿದರು.

ಮೋಡ ಚದುರಿ, ಹೊಳೆ ಇಳಿದು, ದಂಡೆಯ ಮರಳು ಮತ್ತೆ ಕಂಡ ದಿನ ಹಾಲೇಶ ತಾನಾಗಿಯೇ ಟೋಪಿ ತಂದುಕೊಟ್ಟ.

ಗುರುಗಳು ಅದರೊಳಗೆ ಮುಖವಿಟ್ಟರು. ಒಮ್ಮೆ ಉಸಿರೆಳೆದರು. ಮತ್ತೊಮ್ಮೆ ನಿಧಾನವಾಗಿ ಎಳೆದರು. ಹಾಲೇಶನೇ ಉಸಿರು ಬಿಡುವುದನ್ನು ಮರೆತಿದ್ದ.

"ಏನು ವಾಸನೆ ಬರ್ತಿದೆ ಗುರುಗಳೇ?"

"ಚರ್ಮದ್ದು."

ಟೋಪಿಯನ್ನು ಅವನ ತಲೆಗೆ ತಾವೇ ಇಳಿಸಿದರು. ತಾವು ಗುತ್ಯಪ್ಪನ ಉಡುಪು ಹಾಕಿಕೊಂಡರು. ದೊಣ್ಣೆ ಹಿಡಿದರು.

"ಮಾತು ಮಾತೇ. ನಿಲ್ಲು."

ಕೊನೆಯ ಪಟ್ಟು ಅಂದರೆ ದೊಣ್ಣೆಗೆ ದೊಣ್ಣೆ ಸಿಕ್ಕಿಸಿ, ಎದೆಗೆ ಎದೆ, ಟೋಪಿಗೆ ಟೋಪಿ ಒತ್ತಿ ನಿಲ್ಲುವುದು. ಏಟಿಲ್ಲ, ಓಟವಿಲ್ಲ. ಎದುರಿನವನ ಉಸಿರು ಕೆಡುವವರೆಗೆ ತನ್ನ ಉಸಿರು ಕೆಡದಂತೆ ನಿಲ್ಲಬೇಕು. ಅವನ ಉಸಿರು ಕೆಟ್ಟ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಬೇಕು.

ಅವರು ದಂಡೆಯ ಮರಳಲ್ಲಿ ನಿಂತರು. ನೆರಳು ಸರಿಯಿತು. ಹಾಲೇಶ ಮೂಗಿನ ತುಂಬ ಉಸಿರೆಳೆದ, ಬಿಟ್ಟ, ಎಳೆದ. ಗುರುಗಳ ಉಸಿರು ಒಂದು ಸಲ ಎಡವಿತು. ಹಾಲೇಶ ಮಣಿಕಟ್ಟು ತಿರುಗಿಸಿದ.

ಗುರುಗಳ ದೊಣ್ಣೆ ಮರಳಿನ ಮೇಲೆ ಬಿತ್ತು.

ಹಾಲೇಶ ಬಗ್ಗಿ ಗುರುಗಳ ಪಾದ ಮುಟ್ಟಿದ. ಬೆವರು ಟೋಪಿಯಿಂದ ತೊಟ್ಟಿಕ್ಕುತ್ತಿತ್ತು.

"ನಾನಿನ್ನು ಏನು ಮಾಡಲಿ ಗುರುಗಳೇ?"

"ಸೀಳಿದ್ದು ಒಂದು ಎದೆಪಟ್ಟಿ, ಸುಟ್ಟದ್ದು ಒಂದಿಷ್ಟು ಸಾಂಬ್ರಾಣಿ, ಬಂದದ್ದು ಒಂದು ಪಟ್ಟು, ಒಂದು ಗರಡಿ. ಲೆಕ್ಕ ಮುಗೀತು. ಉಡುಪು ಒದ್ದೆಯಾಗಿದೆ, ಗಾಳಿ ಇರುವಾಗಲೇ ಬಿಚ್ಚು."