ಸಿಂಬೆ ಮತ್ತು ಮಡಚುವ ಬಾಗಿಲು

"ಸಿಬ್ಬಿ... ಅಲ್ಲ, ಸಿಂಬೆ," ಎಂದು ಮರೆತಿದ್ದ ಹುಟ್ಟೂರಿನ ಪದವನ್ನು ನೆನಪಿಸಿಕೊಂಡು ನೀಲವ್ವಜ್ಜಿ ಕಥೆ ಶುರುಮಾಡಿದಳು. ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸುರುಳಿ ಅದು. ಒಂದು ದಿನ ಸಿಂಬೆ ಮಡಚುವ ಬಾಗಿಲಿನ ಸಂದಿಯಲ್ಲಿ ಹೋಗಿ ಕೂತಿತು.

"ಏಳು. ನೀನಿದ್ದರೆ ನಾನು ಪೂರ್ತಿ ಮಡಚಿಕೊಳ್ಳಲಾರೆ," ಎಂದಿತು ಬಾಗಿಲು.

"ಏಳುವುದಿಲ್ಲ. ಮನೆಯ ಅಂಬೆಗಾಲಿಡುವ ಮಗು ಈ ಸಂದಿಗೇ ಬೆರಳು ಹಾಕುತ್ತದೆ."

"ನಿನ್ನನ್ನು ಹಿಂಡಿಬಿಡುತ್ತೇನೆ."

"ಹಿಂಡು. ತುಂಬಿದ ಕೊಡಗಳ ಭಾರ ತಡೆದ ಮೈ ಇದು."

ಅಷ್ಟರಲ್ಲಿ ಮಗು ಬಂದು ಸಂದಿಗೆ ಬೆರಳು ಹಾಕಿತು. ಬಾಗಿಲು ಸಿಟ್ಟಿನಿಂದ ಮಡಚಿಕೊಂಡಿತು. ಸಿಂಬೆ ಚಪ್ಪಟೆಯಾಯಿತು, ಆದರೆ ಜಾಗ ಬಿಡಲಿಲ್ಲ. ಸಂದಿಯಲ್ಲಿದ್ದ ಪುಟ್ಟ ಬೆರಳು ನೋಯದೆ ಹೊರಬಂತು.

"ಈಗಲಾದರೂ ಏಳುತ್ತೀಯಾ?" ಎಂದಿತು ಬಾಗಿಲು.

"ಮಗು ನಿನ್ನನ್ನು ತಾನೇ ಮಡಚಲು ಕಲಿಯಲಿ, ಆಮೇಲೆ ಕೇಳು."

ಅಜ್ಜಿ ಮೊಮ್ಮಗಳತ್ತ ತಿರುಗಿದಳು. "ಇದನ್ನು ಬರೆದಿಡು, ಇಂಚರಾ. ಸಿಂಬೆ ಎದ್ದಿತು ಅಂತ ಮಾತ್ರ ಬರೀಬೇಡ."