ಎರಡು ಹೆಸರಿನ ನಡುವೆ ಒಂದು ಮಾತು

ಹುಲಿಗುಂದಿಯ ಬೊಮ್ಮಣ್ಣನಾಯಕನಿಗೆ ಓಲೆ ಓದಿಸಿಕೊಳ್ಳುವಾಗ ನಿದ್ದೆ ಬರುತ್ತಿತ್ತು. ತಪ್ಪು ಅವನದಲ್ಲ. ಹೆಸರುಗಳೆಲ್ಲ ಸಾಲಾಗಿ ಮೊದಲು ಬಂದು, ಮಾಡಬೇಕಾದ ಕೆಲಸ ಏನೆಂಬುದು ಕಟ್ಟಕಡೆಗೆ ಬರುತ್ತಿತ್ತು. ಅಷ್ಟರಲ್ಲಿ ನಾಯಕ ಗೊರಕೆ ಹೊಡೆಯುತ್ತಿದ್ದ.

ಒಂದು ದಿನ ಎಚ್ಚರವಿದ್ದಾಗ ಅವನೇ ಒಂದು ದಾರಿ ಕಂಡುಹಿಡಿದ.

"ಇನ್ನು ಮೇಲೆ ಆಜ್ಞೆ ಅಂದರೆ ಮೂರೇ ಮಾತು. ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು, ನಡುವೆ ಕೆಲಸ. 'ಗಿರಿಯ ಕರೆ ಬಡಗಿ' ಅಂತ ಬರೆದರೆ ಗಿರಿಯ ಹೋಗಿ ಬಡಗಿಯನ್ನು ಕರೆದು ತರಬೇಕು. ಇದ್ದ ಮಾತು ಸಾಲದಿದ್ದರೆ ಹೊಸ ನಡುಮಾತು ಹುಟ್ಟಿಸಿಕೊಳ್ಳಿ. ಅರ್ಥ ಬರೆದು ತನ್ನಿ, ಮುದ್ರೆ ಒತ್ತುತ್ತೇನೆ. ಇಷ್ಟು ಸಲೀಸಾದ ಭಾಷೆ ಬೇರೆ ಯಾವ ಸೀಮೆಯಲ್ಲಾದರೂ ಇದೆಯೇ?"

ಇರಲಿಲ್ಲ. ಸಭೆ ತಲೆದೂಗಿತು.

ಮಾರನೆಯ ದಿನವೇ ದಳವಾಯಿ ಕೆಂಚರಸ ಒಂದು ನಡುಮಾತು ತಂದ. ಮಾತು 'ಕಾಪಾಡು'. ಕೇಳಲು ಚೆನ್ನಾಗಿತ್ತು, ನಾಯಕ ಮುದ್ರೆ ಒತ್ತಿದ. ಅದರ ಅರ್ಥವನ್ನು ಅವನು ಪೂರ್ತಿ ಕೇಳಲಿಲ್ಲ. ಅರ್ಥ ಹೀಗಿತ್ತು: 'ಬಲಗಡೆ ಇರುವುದು ಎಡಗಡೆಯವರಿಗೆ ಸೇರಬೇಕು. ಬೇರೆ ಯಾರೂ ಅದರೊಳಗೆ ಕಾಲಿಡಬಾರದು.'

ಸಂಜೆಯೊಳಗೆ 'ಕೆಂಚರಸ ಕಾಪಾಡು ಕುಂಬಾರಕೆರೆ' ಎಂಬ ಓಲೆ ಹೊರಟಿತು. ಅರಮನೆಯ ಬಂಟರು ಓಲೆಯಲ್ಲಿದ್ದಷ್ಟನ್ನೇ ಮಾಡುವವರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆರೆಯ ಸುತ್ತ ಬೇಲಿ ಹಾಕಿದರು. ಅರವತ್ತು ಮನೆಯ ಕುಂಬಾರರಿಗೆ ಮಣ್ಣಿಲ್ಲದೆ ತಿಗರಿ ನಿಂತುಹೋಯಿತು.

ಕುಂಬಾರರ ಸಂಕವ್ವ ನಾಲ್ಕು ಹರದಾರಿ ನಡೆದು ಸಭೆಗೆ ಬಂದಳು.

"ಬುದ್ಧೀ, ನಮ್ಮ ಕೆರೆ ಬಿಡಿಸಿಕೊಡಿ. ಮಣ್ಣು ಮುಟ್ಟಿ ಎಂಟು ದಿನ ಆಯ್ತು. ಹಿಂಗಾದ್ರೆ ನಾವು ಊರು ಬಿಡಬೇಕಾಗ್ತದೆ."

ನಾಯಕ ಓಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುದ್ರೆ ಅಲ್ಲೇ ಇತ್ತು. "ಮುದ್ರೆ ಬಿದ್ದ ಮಾತನ್ನು ವಾಪಸು ತೆಗೆದುಕೊಂಡರೆ ನನ್ನ ಮಾತಿಗೆ ಬೆಲೆ ಏನು ಉಳಿಯುತ್ತದಮ್ಮ?" ಎಂದ.

ಕೆಂಚರಸ ಮೀಸೆ ನೇವರಿಸಿಕೊಂಡ. "ನನ್ನ ನಡುಮಾತನ್ನು ಬಿಡಿಸುವವರು ಈ ಸಭೆಯಲ್ಲಿ ಯಾರಿದ್ದಾರೆ? ಇದ್ದರೆ ಎದ್ದು ನಿಲ್ಲಲಿ!"

ಓಲೆ ಓದುವ ಕೇತಪ್ಪ ಮೊದಲೇ ನಿಂತಿದ್ದ, ಅವನದು ನಿಂತು ಮಾಡುವ ಕೆಲಸ. ಸಂಕವ್ವನ ಕೈ ನೋಡಿದ. ಬೆರಳ ಸಂದಿಯಲ್ಲಿ ಹಳೆಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

"ಒಡೆಯರೇ, ನನ್ನದೂ ಒಂದು ನಡುಮಾತಿದೆ. ಅದಕ್ಕೆ ಮೊದಲು ಒಂದು ಅನುಮಾನ. ಮುದ್ರೆ ಬಿದ್ದ ಮಾತು ಓಲೆಯಲ್ಲಿದ್ದರೆ ಮಾತ್ರ ನಡೆಯಬೇಕೋ, ಕಲ್ಲಿನ ಮೇಲಿದ್ದರೂ ನಡೆಯಬೇಕೋ?"

"ಓಲೆಯಾದರೇನು, ಕಲ್ಲಾದರೇನು? ಹಳತಾದರೇನು, ಹೊಸದಾದರೇನು? ಎರಡು ಹೆಸರಿನ ನಡುವೆ ಇದ್ದರೆ ನಡೆಯಲೇಬೇಕು."

"ದಳವಾಯಿಗಳು ಒಪ್ಪುತ್ತಾರೋ?"

"ಒಪ್ಪದೆ ಏನು!" ಎಂದ ಕೆಂಚರಸ.

ಕೇತಪ್ಪ ಓಲೆ ಮುಂದಿಟ್ಟ. "ನನ್ನ ನಡುಮಾತು 'ಮತ್ತು'. ಅರ್ಥ: ಎಡಗಡೆಯವರು ಬಲಗಡೆಯವರನ್ನು ಹೆಗಲ ಮೇಲೆ ಹೊತ್ತು ಅರಮನೆಯನ್ನು ಮೂರು ಸುತ್ತು ಬರಬೇಕು."

"ಇಷ್ಟೇನೇ?" ಎಂದು ನಾಯಕ ಮುದ್ರೆ ಒತ್ತಿದ. ಇದರಿಂದ ಯಾರ ಕೆರೆಯೂ ಹೋಗುವಂತೆ ಅವನಿಗೆ ಕಾಣಲಿಲ್ಲ.

ಬಂಟರು ಸೀಮೆಯಲ್ಲಿ 'ಮತ್ತು' ಎಲ್ಲೆಲ್ಲಿದೆ ಎಂದು ಹುಡುಕಲು ಹೊರಟರು. ದೂರ ಹೋಗಬೇಕಾಗಲಿಲ್ಲ. ಕೋಟೆ ಬಾಗಿಲಲ್ಲೇ ಒಂದು ಕಲ್ಲಿತ್ತು. ಹೋದ ವರ್ಷದ ಕಾಳಗ ಗೆದ್ದ ಮೇಲೆ ಕೆಂಚರಸನೇ ನಿಂತು ಕೆತ್ತಿಸಿದ್ದು. 'ಈ ಕೋಟೆಯನ್ನು ಉಳಿಸಿದವರು ದಳವಾಯಿ ಕೆಂಚರಸ ಮತ್ತು ಪಟ್ಟದಾನೆ ಭದ್ರ.'

ಸ್ವಲ್ಪ ಹೊತ್ತಿಗೆಲ್ಲ ಬಂಟರು ಭದ್ರನನ್ನು ಅಂಗಳಕ್ಕೆ ಕರೆತಂದರು. ಅವರಲ್ಲಿ ಹಿರಿಯನೊಬ್ಬ ದಳವಾಯಿಯ ಹತ್ತಿರ ಬಂದು ಕೈಮುಗಿದ.

"ಸ್ವಾಮೀ, ಸ್ವಲ್ಪ ಬಗ್ಗಬೇಕು. ಆನೆಗೆ ಹತ್ತಲು ಅನುಕೂಲವಾಗಲಿ."

ಕೆಂಚರಸ ಆನೆಯನ್ನು ನೋಡಿದ. ಆನೆ ಕೆಂಚರಸನನ್ನು ನೋಡಿತು.

"ಒಡೆಯರೇ! ಈ ಮಾತನ್ನು ಈಗಲೇ ರದ್ದು ಮಾಡಿ!"

"ಮಾಡಬಹುದು," ಎಂದ ಕೇತಪ್ಪ. "ಆದರೆ ಮುದ್ರೆ ಬಿದ್ದ ಒಂದು ಮಾತು ಬಿದ್ದುಹೋಗುವುದಾದರೆ ಉಳಿದವು ಯಾಕೆ ನಿಲ್ಲಬೇಕು? 'ಕಾಪಾಡು' ಕೂಡ ಹೋಗಬೇಕಾಗುತ್ತದೆ."

"ಹೋಗಲಿ! ಎಲ್ಲ ಹೋಗಲಿ!" ಎಂದ ಕೆಂಚರಸ. ಬಂಟರು ಆಗಲೇ ಅವನ ಹೆಗಲ ಮೇಲೆ ಮೆತ್ತೆ ಇಡುತ್ತಿದ್ದರು.

ನಾಯಕನಿಗೆ ನಗು ತಡೆಯಲಾಗಲಿಲ್ಲ, ಆದರೂ ತಲೆಯಾಡಿಸಿದ. "ಇಲ್ಲಪ್ಪ, ನನ್ನ ಮುದ್ರೆ ಮುದ್ರೆಯೇ. ಮೂರೇ ಸುತ್ತು ತಾನೆ? ನಿಧಾನಕ್ಕೆ ನಡಿ."

ಅಷ್ಟರಲ್ಲಿ ಒಳಗಿನಿಂದ ರಾಣಿ ಚೆಲುವಾಜಮ್ಮ ಬಂದಳು. ಆಳು ಗಟ್ಟಿ, ಮಾತು ಮೆಲ್ಲಗೆ.

"ಬಂಟರು ನಮ್ಮ ಹೊಸ್ತಿಲ ಮೇಲಿನ ಬರಹ ಓದಿ ನನ್ನನ್ನು ಇಲ್ಲಿಗೆ ಕಳಿಸಿದರು. 'ಬೊಮ್ಮಣ್ಣನಾಯಕ ಮತ್ತು ಚೆಲುವಾಜಮ್ಮ ಕಟ್ಟಿಸಿದ ಅರಮನೆ' ಅಂತ ಇದೆಯಂತಲ್ಲ? ನಾನು ಈಗಷ್ಟೇ ಊಟ ಮುಗಿಸಿದ್ದೇನೆ. ಹುಷಾರಾಗಿ ಎತ್ತಿ."

ನಾಯಕ ನಗುವುದನ್ನು ನಿಲ್ಲಿಸಿದ. "ಇಲ್ಲಿಯವರೆಗೆ ಮುದ್ರೆ ಬಿದ್ದ ಹೊಸ ನಡುಮಾತುಗಳೆಲ್ಲ ಈ ಗಳಿಗೆಯಿಂದ ರದ್ದು," ಎಂದ. ಆ ಆಜ್ಞೆ ಮೂರು ಮಾತಿಗಿಂತ ಉದ್ದವಾಯಿತು. ಯಾರೂ ಎಣಿಸಲು ಹೋಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನದೊಳಗೆ ಬೇಲಿ ಕಿತ್ತರು. ಸಂಕವ್ವ ಕೆರೆಗೆ ಹೋಗಿ ಮೊಣಕೈವರೆಗೂ ಮಣ್ಣಲ್ಲಿ ಕೈ ಇಳಿಸಿ ಮೊದಲ ಮುದ್ದೆ ಎತ್ತಿದಳಂತೆ. ನಾಯಕ ಸಭೆಯಲ್ಲೇ ತನ್ನ ಹೆಗಲ ಶಾಲನ್ನು ತೆಗೆದು ಕೇತಪ್ಪನಿಗೆ ಹೊದಿಸಿದ. ತನ್ನ ಹೆಗಲ ಮೇಲೆ ಬೇರೇನೂ ಬೀಳಲಿಲ್ಲವಲ್ಲ ಎಂಬ ಸಮಾಧಾನ ಅವನಿಗಿತ್ತು.

ಆ ದಿನ ಸಭೆ ಮುಗಿದ ಮೇಲೆ ಕೆಂಚರಸ ಕೋಟೆ ಬಾಗಿಲಲ್ಲಿ ಆ ಕಲ್ಲನ್ನೇ ನೋಡುತ್ತ ನಿಂತಿದ್ದ. ಹಾದುಹೋಗುತ್ತಿದ್ದ ಕೇತಪ್ಪನನ್ನು ಕೇಳಿದ:

"ಅಲ್ಲಯ್ಯ, ನಾನು ಇದರಲ್ಲಿ ಆನೆಯ ಹೆಸರನ್ನು ಮೊದಲು ಕೆತ್ತಿಸಿದ್ದರೆ ಏನಾಗುತ್ತಿತ್ತು?"

"ಆನೆ ನಿಮ್ಮನ್ನು ಹೊರುತ್ತಿತ್ತು, ದಳವಾಯಿಗಳೇ," ಎಂದ ಕೇತಪ್ಪ. "ಕಾಳಗದ ದಿನವೂ ಅದೇ ತಾನೆ ಆದದ್ದು?"