ಮಾಲಿಂಗನ ಎಡಗಾಲಿನ ಕಟ್ಟು

ಹತ್ತಿರ ಬನ್ನಿ, ಮೆತ್ತಗೆ ಹೇಳ್ತೀನಿ. ಯಾರ ಕಿವಿಗೂ ಹಾಕಲ್ಲ ಅಂತ ಮೊದಲು ಆಣೆ ಇಡಿ. ನಾನು ಕೆರೆಯ ಮುದಿ ಆಮೆ. ಕಾಲು ನಿಧಾನ, ಬಾಯಿ ಹಾಗಲ್ಲ.

ಪಕ್ಕದ ಕಲ್ಲಿನ ಕಪ್ಪೆ ಮಾಲಿಂಗ ಸುಮೋ ಪೈಲ್ವಾನ. ದಿನಾ ನೂರು ಸಲ ಕಾಲೆತ್ತಿ ನೆಲಕ್ಕೆ ಬಡಿಯೋ ಸಾಧನೆ. ದೊಡ್ಡ ಪಂದ್ಯಕ್ಕೆ ಎಂಟು ದಿನ ಇರುವಾಗ ಮಂಡಿ ಉಳುಕಿಸಿಕೊಂಡ. ಈ ಸಲ ಸೋತರೆ ಪೈಲ್ವಾನಗಿರಿಯೇ ಹೋಗುತ್ತಿತ್ತು. ಎಡಗಾಲಿಗೆ ಅರಿಶಿನದ ಎಲೆ ಸುತ್ತಿ ಕೂತಿದ್ದ.

"ತುಂಬಾ ನೋವೇನೋ?" ಅಂದೆ.

"ಅಜ್ಜಿ, ನೋವು ಬಲಗಾಲಲ್ಲಿ. ಎದುರಾಳಿ ಬೋರಣ್ಣನಿಗೆ ಗೊತ್ತಾಗದಿರಲಿ ಅಂತ ಎಡಕ್ಕೆ ಕಟ್ಟಿದ್ದೀನಿ. ಯಾರಿಗೂ ಹೇಳಬೇಡಿ."

ನಾನೇನು ಊರಿಗೆಲ್ಲ ಸಾರಿದೆನೇ? ಬಸವನಹುಳು ಶಾಂತವ್ವನಿಗೆ ಒಬ್ಬಳಿಗೇ ಹೇಳಿದ್ದು. ಅವಳ ಬಾಯಲ್ಲಿ ಮಾತು ನಿಲ್ಲಲ್ಲ, ಪಾಪ.

ಪಂದ್ಯದ ದಿನ ಬೋರಣ್ಣ ಕಟ್ಟಿದ ಕಾಲನ್ನು ತಿರುಗಿಯೂ ನೋಡದೆ ಬಲಗಾಲಿಗೇ ನುಗ್ಗಿದ. ಅದು ಕಂಬದ ಹಾಗೆ ನಿಂತಿತು. ಡಿಕ್ಕಿ ಹೊಡೆದವನೇ ಪುಟಿದು ಗೆರೆಯಾಚೆ ಬಿದ್ದು ಸೋತ.

ನಾನು ಓಡಿದೆ, ಅಂದರೆ ಸಂಜೆಗೆ ತಲುಪಿದೆ. "ಸುಳ್ಳು ಹೇಳಿದೆಯೇನೋ ನನಗೆ?"

ಮಾಲಿಂಗ ಎಲೆ ಬಿಚ್ಚಿ, ಊದಿದ ಎಡಮಂಡಿ ತೋರಿಸಿ ಮುಖಕ್ಕೆ ಹೊಡೆದ ಹಾಗೆ ಹೇಳಿದ:

"ಕಟ್ಟಿದ ಕಾಲೇ ನೋವಿನ ಕಾಲು, ಅಜ್ಜಿ. ಪಂದ್ಯದ ದಿನದೊಳಗೆ ಸುಳ್ಳು ಬೋರಣ್ಣನಿಗೆ ಮುಟ್ಟಿದರೆ ಸಾಕಿತ್ತು. ನೀವು ಅವತ್ತು ಮಧ್ಯಾಹ್ನಕ್ಕೇ ಮುಟ್ಟಿಸಿದಿರಿ."